ಡೆಸಿಬೆಲ್‌ಗೆ ಎರಡು ಸೂತ್ರ ಬೇಡ

ಎಲೆಕ್ಟ್ರಾನಿಕ್ಸ್ ಓದಿದವರನ್ನು ಡೆಸಿಬೆಲ್ ಲೆಕ್ಕ ಹೇಗೆಂದು ಕೇಳಿ ನೋಡಿ. ಪವರ್ ಆದರೆ ಅನುಪಾತದ ಲಾಗರಿದಮ್‌ನ ಹತ್ತರಷ್ಟು, ವೋಲ್ಟೇಜ್ ಆದರೆ ಇಪ್ಪತ್ತರಷ್ಟು ಎಂದು ಥಟ್ಟನೆ ಹೇಳುತ್ತಾರೆ. ಪರೀಕ್ಷೆ ಪಾಸಾಗಲು ಇಷ್ಟು ಸಾಕು. ಆದರೆ ಈ ಬಾಯಿಪಾಠದಿಂದ ಡೆಸಿಬೆಲ್‌ನಲ್ಲಿ ಎರಡು ಜಾತಿ ಇವೆಯೆಂಬ ತಪ್ಪು ತಿಳಿವಳಿಕೆ ಗಟ್ಟಿಯಾಗುತ್ತದೆ. ಇರುವುದು ಒಂದೇ ಡೆಸಿಬೆಲ್. ಅದು ಅಳೆಯುವುದು ಎರಡು ಪವರ್‌ಗಳ ಅನುಪಾತವನ್ನು.

ಅದು ಹುಟ್ಟಿದ್ದೇ ಹಾಗೆ. ಅಮೆರಿಕದ ಬೆಲ್ ದೂರವಾಣಿ ಎಂಜಿನಿಯರುಗಳು ಮೊದಲು ಒಂದು ಮೈಲಿ ಪ್ರಮಾಣಿತ ಕೇಬಲ್‌ನಲ್ಲಾಗುವ ನಷ್ಟವನ್ನೇ ಅಳತೆಗೋಲು ಮಾಡಿಕೊಂಡಿದ್ದರು. ಆವರ್ತನ ಬದಲಾದರೆ ಆ ನಷ್ಟವೂ ಬದಲಾಗುತ್ತಿತ್ತು. ಹಾಗಾಗಿ 1920ರ ದಶಕದಲ್ಲಿ ಪವರ್ ಅನುಪಾತದ ಮೇಲೆ ನಿಂತ ‘ಟ್ರಾನ್ಸ್‌ಮಿಷನ್ ಯೂನಿಟ್’ ಬಂತು. ಅದೇ ಆ ದಶಕದ ಕೊನೆಗೆ ಡೆಸಿಬೆಲ್ ಆಯಿತು.

ಹಾಗಾದರೆ ಇಪ್ಪತ್ತು ಎಲ್ಲಿಂದ ಬಂತು? ಒಂದೇ ರೋಧದಲ್ಲಿ ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಲಾಗರಿದಮ್ ತೆಗೆದಾಗ ಆ ವರ್ಗವು ಎರಡಾಗಿ ಹೊರಬಂದು ಹತ್ತನ್ನು ಇಪ್ಪತ್ತು ಮಾಡುತ್ತದೆ, ಅಷ್ಟೆ. ಇಲ್ಲಿ ‘ಒಂದೇ ರೋಧ’ ಎಂಬ ಷರತ್ತೇ ಮುಖ್ಯ. ಬಾಯಿಪಾಠದಲ್ಲಿ ಬಿಟ್ಟುಹೋಗುವುದೂ ಅದೇ.

ಷರತ್ತು ಮರೆತರೆ ಏನಾಗುತ್ತದೆಂಬುದಕ್ಕೆ ಟ್ರಾನ್ಸ್‌ಫಾರ್ಮರ್ ಸಾಕ್ಷಿ. ವೋಲ್ಟೇಜನ್ನು ಹತ್ತು ಪಟ್ಟು ಏರಿಸುವ ಟ್ರಾನ್ಸ್‌ಫಾರ್ಮರಿಗೆ ಇಪ್ಪತ್ತರ ಸೂತ್ರ ಹಾಕಿದರೆ 20 ಡಿಬಿ ಗೇನ್ ಬರುತ್ತದೆ. ಅಂದರೆ ಪವರ್ ನೂರು ಪಟ್ಟಾಗಬೇಕು! ಬರೀ ತಾಮ್ರ, ಕಬ್ಬಿಣಗಳಿಂದ ಹಾಗೆ ಪವರ್ ಹುಟ್ಟುವುದಿಲ್ಲ. ಹೊರಬರುವ ಪವರ್ ಒಳಹೋದದ್ದಕ್ಕಿಂತ ತುಸು ಕಡಿಮೆಯೇ ಇರುತ್ತದೆ. ಅದರ ನಿಜವಾದ ಗೇನ್ ಸೊನ್ನೆ ಡಿಬಿಗಿಂತ ಕೆಳಗೆ.

ಆಪ್-ಆಂಪ್ ತಯಾರಕರೇ ವೋಲ್ಟೇಜ್ ಗೇನ್ 100 ಡಿಬಿ ಎಂದು ಬರೆಯುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಅಲ್ಲಿ ಅದರ ಅರ್ಥ ವೋಲ್ಟೇಜ್ ಒಂದು ಲಕ್ಷ ಪಟ್ಟು ಎಂದು. ಬೋಡೆ ನಕ್ಷೆ ಬರೆಯಲು ಆ ರೂಢಿ ತುಂಬ ಅನುಕೂಲ, ಅದನ್ನು ಬಿಡಬೇಕಿಲ್ಲ. ಆದರೆ ಅಲ್ಲಿ ಇನ್‌ಪುಟ್, ಔಟ್‌ಪುಟ್ ಇಂಪೀಡೆನ್ಸ್‌ಗಳು ಬೇರೆಬೇರೆ. ಆ ಅಂಕಿಯಿಂದ ಪವರ್ ಗೇನ್ ಹೇಳಲಾಗದು. ರೂಢಿಯನ್ನು ರೂಢಿಯೆಂದೇ ಕಲಿಸಬೇಕು.

ಪವರ್‌ನಿಂದ ಹೊರಟರೆ ಲೆಕ್ಕವೂ ಸಲೀಸು. ಆಂಟೆನಾದಿಂದ ಮೈನಸ್ 90 ಡಿಬಿಎಂ ಸಿಗ್ನಲ್ ಬಂತೆನ್ನಿ. ಡಿಬಿಎಂ ಎಂದರೆ 1 ಮಿಲಿವಾಟಿಗೆ ಹೋಲಿಸಿದ ಮಟ್ಟ. ಹಾಗಾಗಿ ಇದು 1 ಪಿಕೋವಾಟ್. 20 ಡಿಬಿ ಆಂಪ್ಲಿಫೈಯರ್ ಅದನ್ನು ನೂರು ಪಟ್ಟು ಮಾಡುತ್ತದೆ, 3 ಡಿಬಿ ನಷ್ಟದ ಕೇಬಲ್ ಅರ್ಧಕ್ಕೆ ಇಳಿಸುತ್ತದೆ. ರಿಸೀವರ್ ತಲುಪುವುದು ಮೈನಸ್ 73 ಡಿಬಿಎಂ, ಅಂದರೆ 50 ಪಿಕೋವಾಟ್. ವೋಲ್ಟೇಜ್ ಬೇಕೆಂದಾಗ ಮಾತ್ರ ರೋಧವನ್ನು ಕರೆಯಿರಿ: 50 ಓಮ್‌ನಲ್ಲಿ ಅದು 50 ಮೈಕ್ರೋವೋಲ್ಟ್.

ಇನ್ನೊಂದು ಸಾಮಾನ್ಯ ಎಡವಟ್ಟೂ ಹೀಗೆಯೇ ತಪ್ಪುತ್ತದೆ. ಪರಸ್ಪರ ಸಂಬಂಧವಿಲ್ಲದ, 20 ಡಿಬಿಎಂನ ಎರಡು ಸಿಗ್ನಲ್‌ಗಳನ್ನು ನಷ್ಟವಿಲ್ಲದೆ ಸೇರಿಸಿದರೆ ಒಟ್ಟು 40 ಡಿಬಿಎಂ ಆಗುವುದಿಲ್ಲ. 40 ಡಿಬಿಎಂ ಎಂದರೆ 10 ವಾಟ್! 100 ಮಿಲಿವಾಟ್‌ಗೆ 100 ಮಿಲಿವಾಟ್ ಸೇರಿ 200 ಆಗುತ್ತದೆ, ಅಂದರೆ 23 ಡಿಬಿಎಂ. ಮಟ್ಟಕ್ಕೆ ಗೇನ್ ಕೂಡಿಸಬಹುದು, ಮಟ್ಟಕ್ಕೆ ಮಟ್ಟವನ್ನಲ್ಲ.

ಆರಂಭದಲ್ಲಿ ಎರಡು ಸೂತ್ರ ಕೊಟ್ಟರೆ ಮಕ್ಕಳಿಗೆ ಸುಲಭ ಎನ್ನುವ ಅಧ್ಯಾಪಕರಿದ್ದಾರೆ. ಆ ಸುಲಭಕ್ಕೆ ಪ್ರಯೋಗಾಲಯದಲ್ಲಿ ಬೆಲೆ ತೆರಬೇಕಾಗುತ್ತದೆ. ಹತ್ತರ ಸೂತ್ರವೊಂದನ್ನೇ ಕಲಿಸಿ. ಇಪ್ಪತ್ತನ್ನು ವಿದ್ಯಾರ್ಥಿಗಳೇ ಒಂದು ಸಾಲಿನಲ್ಲಿ ಸಾಧಿಸಲಿ, ರೋಧದ ಷರತ್ತನ್ನು ಪಕ್ಕದಲ್ಲೇ ಬರೆಯಲಿ.