ದರವಾಜದ ಒಳಗೊಂದು ಕೋಣೆ

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ದೀಪಾವಳಿಯ ಗದ್ದಲ ಇಳಿಯುತ್ತಿದ್ದಂತೆ ನಮ್ಮ ಕಡೆಯವರಿಗೆ ವಿಜಾಪುರದ ನೆನಪು ಹತ್ತುತ್ತದೆ. ಸರ್ಕಾರಿ ಕಾಗದದಲ್ಲಿ 2014ರಿಂದ ಅದು ವಿಜಯಪುರ. ಯಾರ್ಡಿನ ಭುಸಾರ (ಕಾಳುಕಡಿ) ವಿಭಾಗದ ಗಾಳಾಗಳಲ್ಲಿ, ಅಂದರೆ ಅಂಗಡಿಗಳಲ್ಲಿ, ಇವತ್ತಿಗೂ ವಿಜಾಪುರವೇ. ಈ ವಾರವಂತೂ ಗುಮಾಸ್ತರು, ಅಡತಿ ಅಂಗಡಿಯವರು, ಒಬ್ಬ ತೂಕದವರು, ಎಲ್ಲರದೂ ಒಂದೇ ಪ್ರಶ್ನೆ: ಮನೆಮಂದಿಯನ್ನು ಕರೆದುಕೊಂಡು ಹೋಗಬೇಕು, ರೊಕ್ಕ ಬಹಳ ಹೋಗಬಾರದು, ಯಾವ ಲಾಡ್ಜು?

ಹೆಸರು ಹೇಳುವುದಿಲ್ಲ. ಈ ಅಂಕಣದ ಹಳಬರಿಗೆ ನನ್ನ ನೇಮ ಗೊತ್ತು. ಅಗ್ಗದ ಲಾಡ್ಜಿನ ಹೆಸರು ಪೇಪರಿನಲ್ಲಿ ಬಂತೆಂದರೆ ಮರುತಿಂಗಳು ಅದು ಅಗ್ಗದ ಲಾಡ್ಜಾಗಿ ಉಳಿಯುವುದಿಲ್ಲ. ಲಾಡ್ಜು ಆರಿಸುವುದು ಹೇಗೆ ಎಂಬುದನ್ನು ಮಾತ್ರ ಹೇಳುತ್ತೇನೆ. ಬಸ್ಸು, ಕೋಣೆ, ಊಟ, ಇದೇ ಕ್ರಮದಲ್ಲಿ ಹೇಳುವ ಮನಸ್ಸಿದೆ. ಜಾಗ ಸಾಕಾದರೆ.

ಕೋಟೆಯೂರಿನಲ್ಲಿ ಇಳಿದುಕೊಳ್ಳುವವನು ಮೊದಲು ನೋಡಬೇಕಾದ್ದು ಬಾಡಿಗೆಯನ್ನಲ್ಲ, ಗೋಡೆಯನ್ನು. ವಿಜಾಪುರದ ಹೊರಗೋಡೆ ಸುತ್ತಳತೆಯಲ್ಲಿ ಸುಮಾರು ಹತ್ತು ಕಿಲೋಮೀಟರ್. ತಾಳಿಕೋಟೆಯ ಯುದ್ಧ ಗೆದ್ದ ವರ್ಷ, 1565ರಲ್ಲಿ, ಒಂದನೇ ಅಲಿ ಆದಿಲ್‌ಶಾಹ ಅದನ್ನು ಪೂರ್ತಿ ಮಾಡಿಸಿದ. ಪಶ್ಚಿಮಕ್ಕೆ ಮಕ್ಕಾ ದರವಾಜ, ವಾಯವ್ಯಕ್ಕೆ ಶಹಾಪುರ, ಉತ್ತರಕ್ಕೆ ಬಹಮನಿ, ಪೂರ್ವಕ್ಕೆ ಅಲ್ಲಾಪುರ, ದಕ್ಷಿಣಕ್ಕೆ ಫತೇ ದರವಾಜ. ನಡುವೆ ಇನ್ನೊಂದು ಸುತ್ತಿನ ಒಳಕೋಟೆ, ಅರಕಿಲ್ಲಾ. ಗೋಲಗುಂಬಜ ಗೋಡೆಯ ಒಳಗೇ ಇದ್ದರೂ ಪೂರ್ವದ ಅಂಚಿನಲ್ಲಿದೆ. ಇಬ್ರಾಹಿಂ ರೋಜಾ ಪಶ್ಚಿಮದ ಗೋಡೆ ದಾಟಿ ಆಚೆಗೆ. ರೈಲು ನಿಲ್ದಾಣ ಪೂರ್ವದ ಗೋಡೆಯ ಹೊರಗೆ, ಬಸ್ ನಿಲ್ದಾಣ ಊರೊಳಗೆ ಅರಕಿಲ್ಲಾದ ಹತ್ತಿರ.

ಇಷ್ಟನ್ನು ಒಂದು ಚೀಟಿಯ ಮೇಲೆ ಗೀಚಿಕೊಂಡರೆ ಅರ್ಧ ಕೆಲಸ ಮುಗಿಯಿತು. ಏಕೆಂದರೆ ಗೋಲಗುಂಬಜಕ್ಕೆ ಹೋಗಬೇಕಾದ್ದು ಬೆಳಗಿನ ಆರಕ್ಕೆ, ಬಾಗಿಲು ತೆಗೆದ ಕೂಡಲೇ. ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಬಂದರೆ, ಮೂವತ್ತೆಂಟು ಮೀಟರ್ ಆಚೆ ಕುಳಿತ ಹೆಂಡತಿ ಕಿವಿಯ ಹತ್ತಿರ ಬಂದು ಹೇಳಿದ ಹಾಗೆ ಮಾತು ಕೇಳಿಸುತ್ತದೆ. ಒಂಬತ್ತರ ಮೇಲೆ ಶಾಲೆಯ ಬಸ್ಸುಗಳು ಬರುತ್ತವೆ. ಆಮೇಲೆ ಕೇಳಿಸುವುದು ಕಿರುಚಾಟ ಮಾತ್ರ, ಅದೂ ಒಂದಕ್ಕೆ ಹತ್ತಾಗಿ. ಇಬ್ರಾಹಿಂ ರೋಜಾಕ್ಕೆ ಸಂಜೆ ಒಳ್ಳೆಯದು. ಇಳಿಬಿಸಿಲು ಪಶ್ಚಿಮದಿಂದ ಬಿದ್ದಾಗ ಕಲ್ಲಿನ ಜಾಲಂಧ್ರದ ಅಕ್ಷರಗಳು ಎದ್ದು ಕಾಣುತ್ತವೆ. ಮುಂಜಾನೆ ಪೂರ್ವ, ಸಂಜೆ ಪಶ್ಚಿಮ, ನಡುಮಧ್ಯಾಹ್ನ ಬಿಸಿಲಿಗೆ ಕೋಣೆ. ಹಾಗಾದರೆ ಕೋಣೆ ನಡುವೆಯೇ ಇರಬೇಕಲ್ಲ?

ಇಲ್ಲಿ ಸ್ಟೇಷನ್ ಪಂಥದವರು ಎದ್ದು ನಿಲ್ಲುತ್ತಾರೆ. ಅವರ ಜತೆ ನನ್ನದು ಹಳೆಯ ಜಗಳ. ಎಲ್ಲಿಗೇ ಹೋಗಲಿ, ಸ್ಟೇಷನ್ನಿನ ಎದುರಿನ ಮೊದಲ ಲಾಡ್ಜಿಗೆ ನುಗ್ಗುವುದು ಅವರ ಧರ್ಮ. ಚೀಲ ಹೊರುವುದು ತಪ್ಪುತ್ತದೆ, ಆಟೋದ ದುಡ್ಡು ಉಳಿಯುತ್ತದೆ ಎಂಬ ವಾದ. ಚೀಲ ಹೊರುವುದು ಒಂದು ಸಲ ಹೋಗುವಾಗ, ಒಂದು ಸಲ ಬರುವಾಗ. ಊರೊಳಗೆ ತಿರುಗುವುದು ದಿನಕ್ಕೆ ನಾಲ್ಕು ಸಲ. ವಿಜಾಪುರದ ಸ್ಟೇಷನ್ ಗೋಲಗುಂಬಜದ ಬಗಲಿಗೇ ಇರುವುದರಿಂದ ಅವರ ವಾದ ಅಲ್ಲಿ ಬೆಳಗಿನ ಮಟ್ಟಿಗೆ ಗೆಲ್ಲುತ್ತದೆ, ಒಪ್ಪಿದೆ. ಆದರೆ ಮಲಿಕ್-ಎ-ಮೈದಾನ ತೋಪು, ಉಪ್ಪಲಿ ಬುರುಜು, ತಾಜ ಬಾವಡಿ, ರೋಜಾ ಎಲ್ಲವೂ ಇನ್ನೊಂದು ತುದಿಗೆ. ರಾತ್ರಿ ಒಂಬತ್ತಕ್ಕೆ ಗಾಂಧಿ ಚೌಕದಲ್ಲಿ ಚಹಾ ಕುಡಿದು ನಡೆದೇ ಕೋಣೆ ಸೇರುವ ಸುಖ ಸ್ಟೇಷನ್ ರಸ್ತೆಯವರಿಗೆ ಎಲ್ಲಿಂದ ಬರಬೇಕು?

ಮೊಬೈಲಿನಲ್ಲಿ ಚುಕ್ಕಿ ಎಣಿಸಿ ಕೋಣೆ ಹಿಡಿಯುವ ಹೊಸ ಪಂಥದವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕೂವರೆ ಚುಕ್ಕಿಯ ಲಾಡ್ಜು ಬೈಪಾಸಿನ ಆಚೆ, ಜೋಳದ ಹೊಲದ ಪಕ್ಕದಲ್ಲಿರುತ್ತದೆ. ಲಿಫ್ಟ್ ಇದೆ, ವೈಫೈ ಇದೆ, ಊರೊಂದು ಇಲ್ಲ.

ಸಮಯದ ಲೆಕ್ಕ ಇದಕ್ಕಿಂತ ಮುಖ್ಯ. ಪುಣೆಯಿಂದ ಹೋಗುವವರು ಸ್ವಾರಗೇಟಿನಲ್ಲಿ ರಾತ್ರಿ ಬಸ್ಸು ಹತ್ತಿ, ಸೊಲ್ಲಾಪುರದ ಮೇಲೆ ಹಾದು, ಬೆಳಗಿನ ಐದು-ಐದೂವರೆಗೆ ವಿಜಾಪುರದಲ್ಲಿ ಕಣ್ಣುಜ್ಜಿಕೊಳ್ಳುತ್ತಾರೆ. ಶನಿವಾರ ನಸುಕಿಗೆ ಇಳಿದು ರವಿವಾರ ರಾತ್ರಿ ಒಂಬತ್ತರ ಬಸ್ಸಿಗೆ ಮರಳುವವರು ಎಂದಿಟ್ಟುಕೊಳ್ಳಿ. ಮಧ್ಯಾಹ್ನ ಹನ್ನೆರಡಕ್ಕೆ ಚೆಕ್‌ಔಟ್ ಇರುವ ಲಾಡ್ಜಿನಲ್ಲಿ ಶನಿವಾರದ ನಸುಕಿನಿಂದ ಹನ್ನೆರಡರವರೆಗೆ ಒಂದು ದಿನ, ಅಲ್ಲಿಂದ ರವಿವಾರ ಹನ್ನೆರಡರವರೆಗೆ ಎರಡನೆಯದು, ಆಮೇಲಿನ ಸಂಜೆಗೆ ಮೂರನೆಯದು. ಮಲಗಿದ್ದು ಒಂದೇ ರಾತ್ರಿ, ಬಾಡಿಗೆ ಮೂರು ದಿನದ್ದು. ಇಪ್ಪತ್ನಾಲ್ಕು ತಾಸಿನ ಚೆಕ್‌ಔಟ್ ಇರುವ ಕಡೆ ಅದೇ ಜನ, ಅದೇ ಹೊತ್ತು, ಎರಡೇ ದಿನದ ಬಾಡಿಗೆ. ದಿನಕ್ಕೆ 900 ರೂಪಾಯಿಯಾದರೆ 2,700ಕ್ಕೆ ಬದಲು 1,800. ಅದಕ್ಕೇ ಫೋನಿನಲ್ಲಿ ಬಾಡಿಗೆ ಕೇಳುವ ಮೊದಲು ಚೆಕ್‌ಔಟ್ ಕೇಳಿ. "ಬೆಳಗ್ಗೆ ಬಂದ್ರ ನೋಡೋಣ್ರಿ" ಎಂದರೆ ಹನ್ನೆರಡರ ಲಾಡ್ಜು ಎಂದೇ ತಿಳಿಯಿರಿ.

ತೆರಿಗೆಯದೊಂದು ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ಸಾವಿರದೊಳಗಿನ ಕೋಣೆಗೆ 2022ರ ಜುಲೈವರೆಗೆ ಜಿಎಸ್‌ಟಿ ಇರಲಿಲ್ಲ. ಆಮೇಲೆ ಶೇಕಡಾ 12 ಬಂತು, 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5 ಆಗಿದೆ. 900ರ ಕೋಣೆಗೆ 45 ರೂಪಾಯಿ. ಹಳೆಯ ರೂಢಿಯ ಮೇಲೆ 108 ಬರೆದುಕೊಟ್ಟರೆ ಚೀಟಿ ಮರಳಿಸಿ.

ನಮ್ಮ ಗಲ್ಲಿಯ ಹಮಾಲನೊಬ್ಬ, ಇಂಡಿ ತಾಲ್ಲೂಕಿನ ಕಡೆಯ ಹುಡುಗ, ಈ ಲೆಕ್ಕವನ್ನೆಲ್ಲ ಕೇಳಿ ನಕ್ಕ. "ಕಾಕಾ, ಮಲಗಾಕ ಯಾಕ ರೊಕ್ಕ ಕೊಡ್ತೀರಿ? ಲಾರಿ ಮ್ಯಾಲ ತಾಡಪತ್ರಿ ಇಲ್ಲೇನು?" ಈ ಯಾರ್ಡಿನಲ್ಲಿ ಅದು ನ್ಯಾಯವಾದ ಪ್ರಶ್ನೆಯೇ. ಇಲ್ಲಿ ಚಾಲಕರು ಲಾರಿಯಲ್ಲಿ ಮಲಗುತ್ತಾರೆ, ಅಂಗಡಿಯ ಹುಡುಗರು ಗಾಳಾದ ಅಟ್ಟದ ಮೇಲೆ ಚೀಲಗಳ ನಡುವೆ ಮಲಗುತ್ತಾರೆ, ಊಟಕ್ಕೆ ಹಮಾಲ ಪಂಚಾಯತಿಯವರು 1974ರಲ್ಲಿ ಶುರುಮಾಡಿದ 'ಕಷ್ಟಾಚಿ ಭಾಕರ್' ಇದೆ. ದೂರದಿಂದ ಬಂದವನಿಗೆ ತಂಗುವ ಜಾಗ ಸರಕಿನ ಹತ್ತಿರವೇ ಇರಬೇಕು ಎಂಬುದು ಪೇಟೆಯ ಹಳೆಯ ನಿಯಮ. ಆದಿಲ್‌ಶಾಹಿಯವರಿಗೂ ಅದು ಗೊತ್ತಿತ್ತು.

ಮಕ್ಕಾ ದರವಾಜದ ಹತ್ತಿರದ ತಾಜ ಬಾವಡಿಯನ್ನೇ ನೋಡಿ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ಕಟ್ಟಿದ್ದು. ಜನ ದೊಡ್ಡ ಕಮಾನು ನೋಡಿ, ನೀರಿನತ್ತ ಒಮ್ಮೆ ಇಣುಕಿ, ಫೋಟೊ ತೆಗೆದು ಹೊರಡುತ್ತಾರೆ. ಬಾವಿಯ ಎರಡು ಪಕ್ಕದ ರೆಕ್ಕೆಗಳು ದಾರಿಹೋಕರು ತಂಗಲು ಕಟ್ಟಿದವು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ದರವಾಜ ದಾಟಿದ ಕೂಡಲೇ ನೀರು, ನೀರಿನ ಪಕ್ಕದಲ್ಲೇ ಕೋಣೆ. ಇದಕ್ಕಿಂತ ಒಳ್ಳೆಯ ಯೋಜನೆಯ ಲಾಡ್ಜನ್ನು ನಾನು ಕಂಡಿಲ್ಲ.

ಇನ್ನೊಂದು, ಮಹಮ್ಮದ ಆದಿಲ್‌ಶಾಹನ ದರಬಾರಿನ ಮುಸ್ತಫಾ ಖಾನ 1640ರ ಸುಮಾರಿಗೆ ಕಟ್ಟಿಸಿದ ದಾರಿಹೋಕರ ಸರಾಯಿ. ಸುತ್ತ ಗಟ್ಟಿ ಗೋಡೆ, ಒಂದೇ ಹೆಬ್ಬಾಗಿಲು, ಒಳಗೆ ಸಾಲು ಕೋಣೆ. ಇಂಗ್ಲಿಷರು ಬಂದಾಗ ಅದಕ್ಕೆ ಇನ್ನೊಂದು ಉಪಯೋಗ ಹೊಳೆಯಿತು. ಜಿಲ್ಲಾ ಜೈಲು ಮಾಡಿದರು. ಹೆಚ್ಚು ಒಡೆದು ಕಟ್ಟುವ ಕೆಲಸವೇ ಇರಲಿಲ್ಲವೆಂದು ಕಾಣುತ್ತದೆ. ಕಳ್ಳ ಒಳಗೆ ಬಾರದಂತೆ ಕಟ್ಟಿದ್ದು ಕಳ್ಳ ಹೊರಗೆ ಹೋಗದಂತೆಯೂ ಆಗುತ್ತದಲ್ಲ.

ಅದೇ ಇಂಗ್ಲಿಷರು 1867ರಲ್ಲಿ ಸರಾಯಿಗಳಿಗೆಂದೇ ಒಂದು ಕಾಯ್ದೆ ಮಾಡಿದರು. ಸರಾಯಿ ನಡೆಸುವವನು ಹೆಸರು ನೋಂದಾಯಿಸಬೇಕು, ಕೋಣೆ, ಪಡಸಾಲೆ, ಚರಂಡಿ, ಬಾವಿ ಚೊಕ್ಕಟವಾಗಿಡಬೇಕು, ಕಾವಲಿಗೆ ಜನ ಇಡಬೇಕು, ಬಾಡಿಗೆಯ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಈ ಕೊನೆಯದಕ್ಕೆ ನಾನು ಕೈಮುಗಿಯುತ್ತೇನೆ. ಈಗ ಒಂದೇ ಕೋಣೆಗೆ ಬೆಳಗ್ಗೆ ಒಂದು ರೇಟು, ಸಂಜೆ ಒಂದು, ಎರಡು ಸಲ ನೋಡಿದರೆ ಮೂರನೆಯ ಸಲ ಇನ್ನೊಂದು. ಕೌಂಟರಿನ ಹಿಂದೆ ದರದ ಹಲಗೆ ಇರುವ ಲಾಡ್ಜು ಕಂಡರೆ, ಗೋಡೆಯ ಬಣ್ಣ ಕಿತ್ತಿದ್ದರೂ ಪರವಾಗಿಲ್ಲ, ನನ್ನ ಚೀಲ ಅಲ್ಲೇ ಇಳಿಯುತ್ತದೆ.

ಸರಾಯಿಯ ಮಾತು ಬಂದಾಗ 'ಹೆರಿಟೇಜ್ ಸ್ಟೇ' ಎಂಬ ಹೊಸ ಹುಚ್ಚಿನ ಬಗ್ಗೆ ಹೇಳದೆ ಇರಲಾರೆ. ಹಳೆಯ ಮಹಲಿನಲ್ಲೇ ಮಲಗಬೇಕು, ಕಮಾನಿನ ಕೆಳಗೆ ಕಾಫಿ ಕುಡಿಯಬೇಕು, ಇಂಥ ಸವಲತ್ತು ವಿಜಾಪುರದಲ್ಲಿ ಇಲ್ಲವಲ್ಲ ಎಂದು ಕೊರಗುವವರನ್ನು ಕಂಡಿದ್ದೇನೆ. ಇತ್ತು ಸ್ವಾಮಿ. 1884ರಲ್ಲಿ ರೈಲು ಬಂತು, ಮರುವರ್ಷ ಕಲಾದಗಿಯಿಂದ ಜಿಲ್ಲಾಕಚೇರಿ ಇಲ್ಲಿಗೆ ಬಂತು. ಬಂದ ಸಾಹೇಬರಿಗೆಲ್ಲ ಮನೆ ಬೇಕಿತ್ತು. ಅದಾಲತ್ ಮಹಲು ಕಲೆಕ್ಟರರ ಬಂಗಲೆಯಾಯಿತು, ಚೀನಿ ಮಹಲಿನಲ್ಲಿ ಕಚೇರಿ ಕೂತಿತು, ಬುಖಾರಿ ಮಸೀದಿಯಲ್ಲಿ ಪೋಸ್ಟಾಫೀಸು. ಗೋಲಗುಂಬಜದ ಪಶ್ಚಿಮಕ್ಕಿರುವ ಆ ಚೆಂದದ ಮಸೀದಿ ಪ್ರವಾಸಿ ಬಂಗಲೆಯಾಯಿತು. ಜನ ನಮಾಜಿನ ಕಟ್ಟೆಯ ಮೇಲೆ ಮಂಚ ಹಾಕಿ ಮಲಗಿದರು. ಆ ಬಂಗಲೆಯನ್ನು ಮಸೀದಿಯಿಂದ ಎಬ್ಬಿಸಿದ್ದು ವೈಸರಾಯ್ ಕರ್ಜನ್. 1904ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಅವನ ಕಾಲದ್ದೇ. ಬಂಗಾಳದವರು ಅವನನ್ನು ಬೈಯಲಿ, ಅದಕ್ಕೆ ಕಾರಣ ಇದೆ. ವಿಜಾಪುರದ ಮಟ್ಟಿಗೆ ನಾನು ಅವನ ಪಕ್ಷ.

ಈ ಕಟ್ಟಡಗಳ ಕತೆಗೆ ನಾನು ಮರಳಿ ಮರಳಿ ಹೋಗುವ ಪುಸ್ತಕ ಹೆನ್ರಿ ಕಸಿನ್ಸ್‌ನದು, 1916ರಲ್ಲಿ ಬಂದದ್ದು. ಪುರಾತತ್ವ ಇಲಾಖೆಯ ಪಶ್ಚಿಮ ವಲಯದ ಮುಖ್ಯಸ್ಥನಾಗಿದ್ದವ. ಆ ವಲಯದ ಕಚೇರಿ ನಮ್ಮ ಪುಣೆಯಲ್ಲೇ ಇತ್ತು. ವಿಜಾಪುರವನ್ನು ಇಂಚಿಂಚು ಅಳೆದವನು ಪುಣೆಯಿಂದಲೇ ಹೋಗಿಬಂದವನು ಎಂಬುದು ನನಗೊಂದು ಖುಷಿ. ಗುಮ್ಮಟ, ಮಿನಾರುಗಳಷ್ಟೇ ಆಸ್ಥೆಯಿಂದ ಅವನು ಊರಿನ ನೀರಿನ ವ್ಯವಸ್ಥೆಯನ್ನೂ ನೋಡುತ್ತಾನೆ. ತೊರವಿಯಿಂದ ನೆಲದಡಿ ಬಂದ ಕಾಲುವೆ, 1651ರ ಬೇಗಂ ತಲಾಬಿನಿಂದ ಬಂದ ಮಣ್ಣಿನ ಕೊಳವೆ, ದಾರಿಯುದ್ದಕ್ಕೂ ನಿಲ್ಲಿಸಿದ ಕಲ್ಲಿನ ಗೋಪುರಗಳು. ಗಂಜ್ ಎನ್ನುವ ಈ ಗೋಪುರಗಳನ್ನು ಪ್ರವಾಸಿಗಳು ಬುರುಜೆಂದು ತಿಳಿದು ದಾಟಿಹೋಗುತ್ತಾರೆ. ಕೆಲವು ನಲವತ್ತು ಅಡಿಯ ಹತ್ತಿರ ಇವೆ. ನೀರು ಒಳಗೆ ಏರಿ ಮತ್ತೆ ಇಳಿಯುವುದರಿಂದ ಒತ್ತಡ ತಗ್ಗಿ ಕೊಳವೆ ಒಡೆಯುತ್ತಿರಲಿಲ್ಲ, ಹೂಳೂ ಅಲ್ಲೇ ತಂಗುತ್ತಿತ್ತು.

ಗೋಡೆಯೊಳಗೇ ಇಳಿಯಿರಿ ಎನ್ನುವ ನನ್ನ ಹಟಕ್ಕೆ ಒಂದು ಮಿತಿ ಇದೆ, ಅದೂ ನೀರಿನದೇ. ಜೈಸಲ್ಮೇರಿನ ಕೋಟೆ ಮರಳುಗಾಡಿನ ಗುಡ್ಡದ ಮೇಲಿದೆ. ಒಳಗೆ ಮನೆಗಳಿವೆ, ಈಗ ಲಾಡ್ಜುಗಳೂ. ಕೊಡದಲ್ಲಿ ನೀರು ತರುತ್ತಿದ್ದ ಊರಿಗೆ ನಲ್ಲಿ ಬಂತು, ನಲ್ಲಿಯ ಹಿಂದೆ ಷವರ್ ಬಂತು, ಆ ನೀರು ಹೋಗಲು ತಕ್ಕ ಚರಂಡಿ ಬರಲಿಲ್ಲ. ಗುಡ್ಡದ ಮಣ್ಣು ನೆನೆದು ಬುರುಜುಗಳು ಕುಸಿದವು. 1996ರಲ್ಲೇ ವಿಶ್ವ ಸ್ಮಾರಕ ನಿಧಿಯವರು ಅದನ್ನು ಅಪಾಯದ ಪಟ್ಟಿಗೆ ಸೇರಿಸಿದರು. ಅಲ್ಲಿಗೆ ಹೋಗುವವರು ಗೋಡೆಯ ಕೆಳಗಿನ ಊರಲ್ಲೇ ಇಳಿಯಿರಿ, ಮೇಲಕ್ಕೆ ನಡೆದುಹೋಗಿ. ವಿಜಾಪುರದ್ದು ಬೇರೆ ಮಾತು. ಬಯಲಿನ ಮೇಲೆ ಹರಡಿದ ಊರು, ಗೋಡೆಯೊಳಗೇ ಪೇಟೆ, ಬಸ್ ನಿಲ್ದಾಣ, ಸಂಸಾರ ಎಲ್ಲ ಇವೆ. ಇನ್ನೊಂದು ಲಾಡ್ಜಿನಿಂದ ಅದಕ್ಕೇನೂ ಆಗುವುದಿಲ್ಲ. ಆದರೂ ಕೋಣೆ ನೋಡುವಾಗ ನಲ್ಲಿ ತಿರುಗಿಸಿ ನೋಡಿ. ಬಿಸಿನೀರು ಎಷ್ಟರಿಂದ ಎಷ್ಟರವರೆಗೆ ಎಂದು ಕೇಳಿ. ಆರಕ್ಕೆ ಗುಂಬಜದ ಬಾಗಿಲಲ್ಲಿ ಇರಬೇಕಾದವರಿಗೆ ಏಳಕ್ಕೆ ಬರುವ ಬಿಸಿನೀರು ಯಾತಕ್ಕೆ?

ತಾರೀಖಿನ ವಿಷಯ. ಸಂಕ್ರಾಂತಿಯ ವಾರ ಬೇಡ. ಸಿದ್ಧೇಶ್ವರ ಜಾತ್ರೆ, ದನದ ಸಂತೆ ಎರಡೂ ಕೂಡಿ ಬರುತ್ತವೆ, ಪಡಸಾಲೆಯಲ್ಲೂ ಜಾಗ ಸಿಗುವುದಿಲ್ಲ. ಜಾತ್ರೆ ನೋಡಲೆಂದೇ ಹೋಗುವವರು ನೆಂಟರ ಮನೆಗೆ ಹೋಗಿ. ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ, ರವಿವಾರ ತಪ್ಪಿಸಿ ಮಂಗಳವಾರ-ಬುಧವಾರ ಹೊಂದಿಸಿಕೊಂಡರೆ ಕೋಣೆಯೂ ಸಿಗುತ್ತದೆ, ಕೌಂಟರಿನವನೂ ಬಗ್ಗಿ ಮಾತಾಡುತ್ತಾನೆ. ಊಟದ ಮಾತಿಗೆ ಜಾಗ ಉಳಿಯಲಿಲ್ಲ. ಖಾನಾವಳಿಗಳದ್ದು ಮುಂದಿನ ವಾರ.