ವಾರ್ಡಿನ ನಾಯಕನೂ ನಿವಾಸಿಯ ದೂರೂ: ಜೇನ್ ಆಡಮ್ಸ್ ಅವರ ಒಂದು ಪ್ರಬಂಧದ ವಿಮರ್ಶೆ

ನಗರಗಳ ರಾಜಕೀಯ ಚರಿತ್ರೆಯನ್ನು ಬರೆಯುವವರು ಮೇಯರುಗಳ ಅನುಕ್ರಮವನ್ನೋ ಶಾಸನಗಳ ಪಟ್ಟಿಯನ್ನೋ ಆಧಾರವಾಗಿಟ್ಟುಕೊಳ್ಳುವುದು ವಾಡಿಕೆ. ಮತದಾರನ ಮನೆಯ ಬಾಗಿಲಿಗೆ ಬಂದು, ಬೀದಿಯ ಕಸ, ಚರಂಡಿ, ದೀಪ, ನೀರು ಇವುಗಳ ವಿಚಾರವಾಗಿ ನಾಲ್ಕು ಮಾತನಾಡಿ ಹೋಗುವ ಸ್ಥಳೀಯ ಕಾರ್ಯಕರ್ತನಿಗೆ ಆ ಚರಿತ್ರೆಯಲ್ಲಿ ಸ್ಥಾನ ದೊರೆಯುವುದು ಅಪೂರ್ವ. ಆತನ ವಿಷಯವಾಗಿ ಏನಾದರೂ ಬರೆದಿದ್ದರೆ ಅದು ನಿಂದೆಯಾಗಿರುತ್ತದೆ, ಇಲ್ಲವೆ ಹೊಗಳಿಕೆಯಾಗಿರುತ್ತದೆ. ಈ ಎರಡನ್ನೂ ಬಿಟ್ಟು, ಆತನು ಗೆಲ್ಲುವುದೇಕೆ ಎಂಬ ಪ್ರಶ್ನೆಯನ್ನು ನೇರವಾಗಿ ಕೇಳಿದ ಬರಹಗಳು ವಿರಳ. ಅಮೆರಿಕದ ಸಮಾಜಸೇವಕಿ ಜೇನ್ ಆಡಮ್ಸ್ ಅವರು 1898ರಲ್ಲಿ ಪ್ರಕಟಿಸಿದ, ವಾರ್ಡಿನ ಯಜಮಾನನು ಆಳುವುದೇಕೆ ಎಂಬ ಅರ್ಥದ ಶಿರೋನಾಮೆಯುಳ್ಳ ಪ್ರಬಂಧವು ಅಂಥವುಗಳಲ್ಲಿ ಒಂದು. ಇದರ ವಿಚಾರಗಳನ್ನೇ ಅವರು 1902ರ ‘ಡೆಮಾಕ್ರಸಿ ಅಂಡ್ ಸೋಷಿಯಲ್ ಎಥಿಕ್ಸ್’ ಎಂಬ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಇನ್ನಷ್ಟು ವಿಸ್ತರಿಸಿದ್ದಾರೆ. ಇವೆರಡನ್ನೂ ಒಟ್ಟಾಗಿ ಇಟ್ಟುಕೊಂಡು, ಅವುಗಳ ಗುಣವನ್ನೂ ಕೊರತೆಯನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಸ್ಥಳದ ಪರಿಚಯ ಅವಶ್ಯಕ. ಆಡಮ್ಸ್ ಅವರು ತಮ್ಮ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಅವರೊಡನೆ 1889ರಲ್ಲಿ ಷಿಕಾಗೊ ನಗರದ ಹಾಲ್ಸ್ಟೆಡ್ ಬೀದಿಯಲ್ಲಿ ಹಲ್ ಹೌಸ್ ಎಂಬ ಸೇವಾಕೇಂದ್ರವನ್ನು ಸ್ಥಾಪಿಸಿದರು. ಅದು ನಗರದ 19ನೆಯ ವಾರ್ಡು. ಇಟಲಿ, ಐರ್ಲೆಂಡ್, ಬೊಹೀಮಿಯ, ಗ್ರೀಸ್, ರಷ್ಯ ಮೊದಲಾದ ದೇಶಗಳಿಂದ ವಲಸೆ ಬಂದ ದುಡಿಮೆಗಾರರು ಅಲ್ಲಿ ಇಕ್ಕಟ್ಟಾಗಿ ವಾಸಿಸುತ್ತಿದ್ದರು. ಆ ವಾರ್ಡಿನ ಪ್ರತಿನಿಧಿಯಾಗಿ ನಗರಸಭೆಯಲ್ಲಿ ಕುಳಿತಿದ್ದವನು ಜಾನ್ ಪವರ್ಸ್. ಹಲ್ ಹೌಸಿನವರು 1896ರಲ್ಲಿಯೂ 1898ರಲ್ಲಿಯೂ ಆತನನ್ನು ಸೋಲಿಸಲು ಹೊರಟು, ಎರಡು ಸಲವೂ ತಾವೇ ಸೋತರು. ಪ್ರಬಂಧದ ಹಿನ್ನೆಲೆಯಲ್ಲಿ ಈ ಹೋರಾಟವಿದೆ.

ಸೋಲನ್ನು ಕಂಡ ಸುಧಾರಕರು ಮತದಾರರ ಅಜ್ಞಾನವನ್ನು ಹಳಿಯುವುದು ಲೋಕರೂಢಿ. ಆಡಮ್ಸ್ ಅವರು ಆ ದಾರಿಯನ್ನು ಹಿಡಿಯಲಿಲ್ಲ. ಬಡವನ ದೃಷ್ಟಿಯಲ್ಲಿ ಒಳ್ಳೆಯತನವೆಂದರೆ ಕಣ್ಣಿಗೆ ಕಾಣುವ ಉಪಕಾರ. ಆ ಒಳ್ಳೆಯತನವು ನಗರಸಭಾ ಸದಸ್ಯನಲ್ಲಿ ಯಥೇಚ್ಛವಾಗಿದೆ ಎಂಬುದು ಅವರ ನಿರ್ಣಯ. ಆತನು ಬಂಧನದಲ್ಲಿರುವವನಿಗೆ ಜಾಮೀನಾಗುತ್ತಾನೆ, ಬಾಡಿಗೆ ಕಟ್ಟಲಾರದವನಿಗೆ ನೆರವಾಗುತ್ತಾನೆ, ಮದುವೆಗೆ ಉಡುಗೊರೆ ಕಳಿಸುತ್ತಾನೆ, ಸತ್ತವನ ಮನೆಗೆ ಹೋಗುತ್ತಾನೆ. ಹಿಂದಿನ ಕ್ರಿಸ್‌ಮಸ್ ಹಬ್ಬದಲ್ಲಿ ಆತನು ಆರು ಟನ್ ಟರ್ಕಿ ಕೋಳಿಗಳನ್ನು ಹಂಚಿದನೆಂದೂ, ಪ್ರತಿಯೊಂದನ್ನೂ ತಾನೋ ತನ್ನ ಸ್ನೇಹಿತರೋ ಹಬ್ಬದ ಶುಭಾಶಯದೊಡನೆ ಕೈಯಾರೆ ಕೊಟ್ಟರೆಂದೂ ಆಡಮ್ಸ್ ಅವರು ದಾಖಲಿಸಿದ್ದಾರೆ. ವಾರ್ಡಿನ ಐವರು ಮತದಾರರಲ್ಲಿ ಸುಮಾರಾಗಿ ಒಬ್ಬನ ಉದ್ಯೋಗವು ಆತನ ಕೃಪೆಯನ್ನು ಅವಲಂಬಿಸಿತ್ತೆಂಬುದೂ ಅವರ ಲೆಕ್ಕ.

ಈ ವಿವೇಚನೆಗೆ ಬಲ ಬಂದಿರುವುದು ಲೇಖಕಿಯು ತಮ್ಮ ತಪ್ಪನ್ನೂ ಮರೆಮಾಚದೆ ಹೇಳಿರುವುದರಿಂದ. ಹಲ್ ಹೌಸಿನ ಶಿಶುಗೃಹದಲ್ಲಿ ಯಾರೋ ಬಿಟ್ಟುಹೋಗಿದ್ದ ಎಳೆಯ ಕೂಸೊಂದು ತೀರಿಕೊಂಡಾಗ, ಅದನ್ನು ಸರ್ಕಾರಿ ವೆಚ್ಚದಲ್ಲಿ ಹೂಳಿಸಲು ಸಂಸ್ಥೆಯವರು ಏರ್ಪಾಡು ಮಾಡಿದರು. ಬಂಡಿ ಬರುವುದಕ್ಕೆ ಮುಂಚೆಯೇ ನೆರೆಹೊರೆಯ ಹೆಂಗಸರು ಉದ್ವೇಗದಿಂದ ಬಂದು ಪ್ರತಿಭಟಿಸಿದರು. ತಮ್ಮ ಬಡತನದಲ್ಲಿಯೇ ಹಣ ಕೂಡಿಸಿದರು. ಅನಾಥಶವದಂತೆ ಮಣ್ಣಾಗುವುದು ಅವರಿಗೆ ಸಹಿಸಲಾರದ ಅವಮಾನ. ವರ್ಷಗಳ ಕಾಲ ಅಲ್ಲಿಯೇ ನೆಲೆಸಿದ್ದ ವಿದ್ಯಾವಂತರಿಗೆ ತಿಳಿಯದಿದ್ದ ಈ ಸಂಗತಿ ನಗರಸಭಾ ಸದಸ್ಯನಿಗೆ ಮೊದಲಿನಿಂದಲೂ ತಿಳಿದಿತ್ತು. ಆತನು ಶವಯಾತ್ರೆಗಳಲ್ಲಿ ತಪ್ಪದೆ ಭಾಗವಹಿಸುತ್ತಿದ್ದುದರ ಮರ್ಮವಿದು.

ಮತ್ತೊಂದು ನಿದರ್ಶನವು ಚುನಾವಣಾ ಪ್ರಚಾರಕ್ಕೇ ಸಂಬಂಧಿಸಿದ್ದು. ಸುಧಾರಕರು ಇಟ್ಟಿಗೆ ಕಟ್ಟುವ ಗಾರೆಯವನೊಬ್ಬನನ್ನು ಅಭ್ಯರ್ಥಿಯಾಗಿ ನಿಲ್ಲಿಸಿದರು. ಅರ್ಧ ಕಟ್ಟಿದ ಗೋಡೆಯ ಮೇಲೆ ಕುಳಿತು ಆತನು ಬುತ್ತಿ ಉಣ್ಣುತ್ತಿರುವಂತೆಯೂ, ಎದುರಾಳಿಯು ಔತಣದ ಮೇಜಿನ ಮುಂದೆ ಷಾಂಪೇನ್ ಕುಡಿಯುತ್ತಿರುವಂತೆಯೂ ಭಿತ್ತಿಪತ್ರವನ್ನು ಚಿತ್ರಿಸಲಾಯಿತು. ಪರಿಣಾಮ ವಿಪರೀತವಾಯಿತು. ತಮ್ಮ ಪ್ರತಿನಿಧಿ ತಮ್ಮಂತೆಯೇ ಬುತ್ತಿ ಉಣ್ಣುವವನಾಗಿರುವುದಕ್ಕಿಂತ, ಅಂಗಿಯಲ್ಲಿ ವಜ್ರ ಧರಿಸಿ ದೊಡ್ಡವರೊಡನೆ ಸಮವಾಗಿ ಕುಳಿತುಕೊಳ್ಳಬಲ್ಲವನಾಗಿದ್ದರೆ ಲೇಸೆಂದು ನಿವಾಸಿಗಳು ಭಾವಿಸಿದರು. ಮತದಾರನಿಗೆ ಸುಧಾರಕರು ಆರೋಪಿಸಿದ್ದ ಅಭಿಲಾಷೆಗೂ ಆತನಿಗೆ ನಿಜವಾಗಿ ಇದ್ದ ಅಭಿಲಾಷೆಗೂ ಎಷ್ಟು ಅಂತರವಿತ್ತೆಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವುದು ಕಷ್ಟ.

ಉಪಕಾರದ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ಆಡಮ್ಸ್ ಅವರು ಮರೆತಿಲ್ಲ. ಟ್ರಾಮ್ ಕಂಪನಿಗಳಿಗೆ ಬೀದಿಗಳ ಹಕ್ಕನ್ನು ಅಗ್ಗವಾಗಿ ಬಿಟ್ಟುಕೊಟ್ಟು ಪಡೆದ ಲಂಚವೇ ಅದರ ಮೂಲ. ತುಂಬಿ ತುಳುಕುವ ಗಾಡಿಯಲ್ಲಿ ನಿಂತು ಪ್ರಯಾಣಿಸುವ ದುಡಿಮೆಗಾರನೇ ಕೊನೆಗೆ ಅದನ್ನು ತೆರುವವನು. ಆದರೆ ನಿವಾಸಿಯು ಇದನ್ನು ಹೀಗೆ ಕಾಣುವುದಿಲ್ಲ. ಸದಸ್ಯನು ಸಿರಿವಂತರಿಂದ ಕಿತ್ತು ಬಡವರಿಗೆ ಕೊಡುತ್ತಾನೆಂದು ಆತನು ತಿಳಿಯುತ್ತಾನೆ.

ಇಲ್ಲಿಗೆ ಪ್ರಬಂಧದ ಗುಣವನ್ನು ಹೇಳಿದಂತಾಯಿತು. ಅದರ ಕೊರತೆಯನ್ನು ಗುರುತಿಸಲು ಇನ್ನೊಂದು ಗ್ರಂಥದೊಡನೆ ಹೋಲಿಸುವುದು ಉಪಯುಕ್ತ. ನ್ಯೂಯಾರ್ಕಿನ ಟ್ಯಾಮನಿ ಹಾಲ್ ಪಕ್ಷಕೂಟದ ಸ್ಥಳೀಯ ನಾಯಕನಾಗಿದ್ದ ಜಾರ್ಜ್ ವಾಷಿಂಗ್ಟನ್ ಪ್ಲಂಕಿಟ್‌ನ ಮಾತುಗಳನ್ನು ಪತ್ರಕರ್ತ ವಿಲಿಯಂ ರಿಯೊರ್ಡನ್ ಸಂಗ್ರಹಿಸಿ 1905ರಲ್ಲಿ ಪ್ರಕಟಿಸಿದನು. ಅದರಲ್ಲಿ ವಿವರಿಸಿರುವ ನಾಯಕನ ಒಂದು ದಿನದ ದಿನಚರಿ ಪ್ರಸಿದ್ಧವಾದದ್ದು. ರಾತ್ರಿ ಎರಡು ಗಂಟೆಗೆ ಜಾಮೀನಿಗಾಗಿ ಎದ್ದು ಹೋಗುವುದರಿಂದ ಮೊದಲಾಗಿ, ಬೆಂಕಿಬಿದ್ದ ಮನೆಯವರಿಗೆ ಆಸರೆ, ನ್ಯಾಯಾಲಯದಲ್ಲಿ ಶಿಫಾರಸು, ಬಾಡಿಗೆ ಸಂದಾಯ, ಕೆಲಸ ಕೇಳಿ ಬಂದ ನಾಲ್ವರಿಗಾಗಿ ಓಡಾಟ, ಎರಡು ಶವಸಂಸ್ಕಾರ, ಒಂದು ಮದುವೆ, ಹೀಗೆ ಅದು ಮಧ್ಯರಾತ್ರಿಯವರೆಗೆ ಸಾಗುತ್ತದೆ. ಮಾತಿನಲ್ಲಿ ಎಷ್ಟು ಪ್ಲಂಕಿಟ್‌ನದು, ಎಷ್ಟು ಪತ್ರಕರ್ತನದು ಎಂಬ ಸಂದೇಹವಿರುವುದರಿಂದ ಚರಿತ್ರೆಯ ವಿದ್ಯಾರ್ಥಿಯು ಇದನ್ನು ಎಚ್ಚರದಿಂದ ಬಳಸಬೇಕು. ಆದರೂ ಆಡಮ್ಸ್ ಅವರು ಹೊರಗಿನಿಂದ ಕಂಡುದನ್ನು ಈ ಗ್ರಂಥವು ಒಳಗಿನಿಂದ ಸಮರ್ಥಿಸುತ್ತದೆ. ದಿನಚರಿಯಲ್ಲಿ ಗಮನಿಸತಕ್ಕದ್ದೊಂದುಂಟು: ಅಲ್ಲಿ ಬರುವ ಕಷ್ಟಗಳೆಲ್ಲ ಒಬ್ಬೊಬ್ಬನವು. ಒಂದು ಮನೆ ಸುಟ್ಟರೆ ನಾಯಕನು ಬರುತ್ತಾನೆ. ಮನೆಗಳು ಸುಡದಂತೆ ಕಟ್ಟಬೇಕೆಂಬ ನಿಯಮ ಆತನ ದಿನಚರಿಯಲ್ಲಿಲ್ಲ. ಹಾಗೆ ಸಂಪಾದಿಸಿದ ನಿಷ್ಠೆಯೂ ಶಾಶ್ವತವಲ್ಲ. 1904ರಲ್ಲಿ ಪ್ಲಂಕಿಟ್ ಸೆನೆಟ್ ಸ್ಥಾನವನ್ನು ಕಳೆದುಕೊಂಡನು. ಗ್ರಂಥ ಪ್ರಕಟವಾದ ವರ್ಷವೇ ಸ್ಥಳೀಯ ನಾಯಕತ್ವವೂ ಹೋಯಿತು.

ಆಡಮ್ಸ್ ಅವರ ಪ್ರಬಂಧದ ಕೊರತೆ ಇಲ್ಲಿಯೇ ಇದೆ. ನಾಯಕನ ಉಪಕಾರಕ್ಕೆ ಪ್ರತಿಯಾಗಿ ಅವರು ಸೂಚಿಸುವುದು ಉನ್ನತವಾದ ಸಾಮಾಜಿಕ ನೀತಿಯನ್ನು. ಆ ನೀತಿಯು ಯಾವ ಕಾರ್ಯರೂಪದಲ್ಲಿ ನಿವಾಸಿಯ ಬಾಗಿಲಿಗೆ ಬರಬೇಕೆಂಬುದು ಪ್ರಬಂಧದಲ್ಲಿ ಸ್ಪಷ್ಟವಾಗುವುದಿಲ್ಲ. ಆಶ್ಚರ್ಯವೆಂದರೆ ಇದಕ್ಕೆ ಉತ್ತರವು ಅವರ ಅನುಭವದಲ್ಲಿಯೇ ಇತ್ತು. 1910ರ ಆತ್ಮಕಥನದಲ್ಲಿ ಅವರು ವಾರ್ಡಿನ ಕಸದ ಕಥೆಯನ್ನು ಹೇಳಿದ್ದಾರೆ. 1894ರ ಬೇಸಗೆಯಲ್ಲಿ ಹಲ್ ಹೌಸ್ ಮಹಿಳಾ ಸಂಘದ 12 ಮಂದಿ ಸದಸ್ಯೆಯರು ಓಣಿಗಳನ್ನು ಸುತ್ತಿ, ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ 1,037 ನಿಯಮೋಲ್ಲಂಘನೆಗಳನ್ನು ಆಧಾರಸಹಿತವಾಗಿ ಆರೋಗ್ಯ ಇಲಾಖೆಗೆ ವರದಿ ಮಾಡಿದರು. ಮರುವರ್ಷ ಮೇಯರು ಆಡಮ್ಸ್ ಅವರನ್ನೇ ವಾರ್ಡಿನ ಕಸದ ತನಿಖಾಧಿಕಾರಿಯನ್ನಾಗಿ ನೇಮಿಸಿದನು. ಅವರು ಮುಂಜಾನೆ ಆರು ಗಂಟೆಗೆ ಬಂಡಿಗಳ ಹಿಂದೆ ಹೊರಟು, ಗುತ್ತಿಗೆದಾರನನ್ನು ಒತ್ತಾಯಪಡಿಸಿ, ಬಂಡಿಗಳನ್ನು 9ರಿಂದ 13ಕ್ಕೂ 13ರಿಂದ 17ಕ್ಕೂ ಹೆಚ್ಚಿಸಿದರು. ಒಂದು ಕಿರುಬೀದಿಯಲ್ಲಿ ಕಸವನ್ನು ತೆಗೆಯುತ್ತ ಹೋದಾಗ 18 ಅಂಗುಲದ ಕೆಳಗೆ ಕಲ್ಲುಹಾಸಿದ ರಸ್ತೆಯೇ ಸಿಕ್ಕಿತು. ಆ ರಸ್ತೆಯಿದ್ದುದಕ್ಕೆ ನಗರದ ದಫ್ತರದಲ್ಲಿ ದಾಖಲೆಯೂ ದೊರೆಯಿತು. ಕಾಲಕ್ರಮದಲ್ಲಿ ವಾರ್ಡಿನ ಮರಣಪ್ರಮಾಣವು ನಗರದಲ್ಲಿ ಮೂರನೆಯ ಸ್ಥಾನದಿಂದ ಏಳನೆಯ ಸ್ಥಾನಕ್ಕೆ ಇಳಿಯಿತೆಂದು ಅವರು ಬರೆದಿದ್ದಾರೆ.

ಈ 1,037 ವರದಿಗಳಿಗೂ ಆರು ಟನ್ ಕೋಳಿಗಳಿಗೂ ಇರುವ ಭೇದವನ್ನು ನಾವು ಯೋಚಿಸಬೇಕು. ನಾಯಕನ ಬಳಿ ದೂರು ಹೇಳಿಕೊಂಡವನು ಉಪಕೃತನಾಗಿ ಹಿಂದಿರುಗುತ್ತಾನೆ. ಮುಂದಿನ ಸಲವೂ ಆತನು ಬೇಡಬೇಕು. ದೂರನ್ನು ಬರೆದು, ಎಣಿಸಿ, ಸಂಬಂಧಪಟ್ಟ ಕಚೇರಿಗೆ ಒಪ್ಪಿಸಿದಾಗ ಅದು ಬೀದಿಯವರೆಲ್ಲರ ಹಕ್ಕಾಗುತ್ತದೆ. ಬಂಡಿ ಬಾರದಿದ್ದರೆ ಕೇಳುವುದಕ್ಕೆ ಆಧಾರ ದೊರೆಯುತ್ತದೆ. ಆದರೆ ಕೇವಲ ಲೆಕ್ಕವೂ ಸಾಲದು. ಕೂಸಿನ ಶವದ ಪ್ರಸಂಗದಲ್ಲಿ ಎಡವಿದವರು ಲೆಕ್ಕ ಬಲ್ಲವರೇ. ನಿವಾಸಿಯ ಹೆಸರನ್ನು ಬಲ್ಲ ನಾಯಕನಿಗೆ ಲೆಕ್ಕ ಬೇಕಿರಲಿಲ್ಲ. ಲೆಕ್ಕವನ್ನಿಟ್ಟ ಸುಧಾರಕರಿಗೆ ಹೆಸರು ತಿಳಿದದ್ದು ತಡವಾಗಿ. 19ನೆಯ ವಾರ್ಡಿನಲ್ಲಿ ಈ ಎರಡೂ ಒಬ್ಬರಲ್ಲಿ ಕೂಡಲಿಲ್ಲವೆಂಬುದೇ ಸುಧಾರಕರ ಸೋಲಿಗೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಈ ವಿಚಾರವು ನಮಗೆ ದೂರದ್ದಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಹಾಗೂ ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದೂ, ಐದು ವರ್ಷದ ಅವಧಿ ಮುಗಿಯುವುದರೊಳಗೆ ಹೊಸ ಚುನಾವಣೆ ನಡೆಯಬೇಕೆಂದೂ ವಿಧಿಸಿದೆ. ಹೀಗಿದ್ದರೂ ಬೆಂಗಳೂರಿನಲ್ಲಿ 2015ರಲ್ಲಿ ಚುನಾಯಿತವಾದ ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ, ವರ್ಷಗಳ ಕಾಲ ಚುನಾಯಿತ ಸಭೆಯೇ ಇರಲಿಲ್ಲ. ಸಭೆಯಿಲ್ಲದೆಡೆಯಲ್ಲಿ ಚರಂಡಿಯ ದೂರನ್ನು ಹೊತ್ತ ನಿವಾಸಿಗೆ ಉಳಿಯುವ ದಾರಿ ಯಾರಾದರೊಬ್ಬರ ಪರಿಚಯವನ್ನು ಹಿಡಿಯುವುದು. ಪ್ರಾಮಾಣಿಕನಾದ ಕಾರ್ಯಕರ್ತನು ಕೂಡ ಅಂಥಲ್ಲಿ ಉಪಕಾರಿಯಾಗಬಲ್ಲನೇ ಹೊರತು ಹೊಣೆಗಾರನಾಗಲಾರನು. ಆತನನ್ನು ಹೊಣೆ ಮಾಡುವ ಸ್ಥಾನವೇ ಇರುವುದಿಲ್ಲ.

ಪ್ರಚಾರದ ದಿನಗಳಲ್ಲಿ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಕೆಲವರು ಕರಪತ್ರಗಳನ್ನು ಹಿಡಿದು ಮನೆಮನೆಗೆ ಹೋಗುವುದುಂಟು. ಅಧ್ಯಾಪಕರು ಅವರನ್ನು ತಡೆಯಬೇಕಾದ ಅಗತ್ಯವಿಲ್ಲ. ಬಾಗಿಲಲ್ಲಿ ಕೇಳಿದ ದೂರನ್ನು ತೇದಿಯೊಡನೆ ಬರೆದಿಡಬೇಕೆಂದೂ, ಅದು ಯಾವ ಕಚೇರಿಗೆ ಹೋಯಿತು, ಏನಾಯಿತು ಎಂಬುದನ್ನು ಚುನಾವಣೆ ಕಳೆದ ಮೇಲೆ ಅದೇ ಬಾಗಿಲಿಗೆ ಹೋಗಿ ತಿಳಿಸಬೇಕೆಂದೂ ಹೇಳಿಕೊಟ್ಟರೆ ಸಾಕು. ಆ ಬರವಣಿಗೆಯು ಇಂದು ನಿವಾಸಿಗೆ ಆಧಾರವಾಗುತ್ತದೆ; ಮುಂದೆ ನಗರದ ಚರಿತ್ರೆಯನ್ನು ಬರೆಯುವವರಿಗೂ ಆಕರವಾಗುತ್ತದೆ.