ಗೂಢಲಿಪಿಯ ಗ್ರಂಥಗಳನ್ನು ಆಯುವ ರಸಿಕನಿಗೆ

ಕುರಿ ಮಾರಿದ ಹಣವೂ ಶೇಂಗಾ ಮಾರಿದ ಹಣವೂ ಮೊಬೈಲಿನ ಮೂಲಕವೇ ಕೈಸೇರಬಹುದಾದ ಈ ಕಾಲದಲ್ಲಿ, ಆ ಹಣವನ್ನು ದಾರಿಯುದ್ದಕ್ಕೂ ಕಾಯುವ ವಿದ್ಯೆ ಯಾವುದು, ಅದರ ಬಲವೆಷ್ಟು, ಅದು ಸೋಲುವುದೆಲ್ಲಿ ಎಂದು ತಿಳಿಯುವ ಹಂಬಲವು ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದಂಥ ಊರಿನ ತರುಣ ತರುಣಿಯರಲ್ಲಿ ಹುಟ್ಟುವುದು ಸಹಜವೇ ಆಗಿದೆ. ಅದೇ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವು ನೆಲೆಗೊಂಡ ಮೇಲಂತೂ, ಶಾಸ್ತ್ರವೆಂಬುದು ಬೆಂಗಳೂರಿಗೆ ಮಾತ್ರ ಸೇರಿದ ವಸ್ತುವೆಂಬ ಸಂಕೋಚಕ್ಕೆ ಈ ಸೀಮೆಯಲ್ಲಿ ಆಸ್ಪದವಿಲ್ಲ. ಆದರೆ ಪುಸ್ತಕವನ್ನು ಅರಸಿ ಹೊರಟವನ ಇದಿರಿಗೆ ಸಾವಿರ ಪುಟಗಳ ಗ್ರಂಥಗಳು ರಾಶಿಯಾಗಿ ನಿಲ್ಲುತ್ತವೆ. ಅವುಗಳಲ್ಲಿ ಬುದ್ಧಿಯನ್ನು ಬೆಳೆಸುವಂಥದು ಯಾವುದು, ಬರಿಯ ಪರಿಭಾಷೆಯನ್ನು ಕಂಠಪಾಠ ಮಾಡಿಸುವಂಥದು ಯಾವುದು ಎಂಬುದು ಹೊರಗಣ ರಕ್ಷಾಪತ್ರದಿಂದ ತಿಳಿಯತಕ್ಕದ್ದಲ್ಲ.

ಗೂಢಲಿಪಿಯೆಂಬ ಈ ಶಾಸ್ತ್ರದ ಸ್ವಭಾವವೇ ಬೇರೆ. ಪ್ರಕೃತಿಯ ರಹಸ್ಯವನ್ನು ಅರಸುವವನಿಗೆ ಪ್ರಕೃತಿಯು ವೈರಿಯಲ್ಲ. ಗೂಢಲಿಪಿಯನ್ನು ಕಟ್ಟುವವನಿಗಾದರೋ, ಅದನ್ನು ಒಡೆಯಲೆಂದೇ ಹಗಲಿರುಳು ಯೋಚಿಸುವ ಇನ್ನೊಂದು ಬುದ್ಧಿಯು ಸದಾ ಇದಿರಿನಲ್ಲಿರುತ್ತದೆ. ಆದುದರಿಂದ, ಕಟ್ಟುವ ಬಗೆಯನ್ನು ಮಾತ್ರ ವರ್ಣಿಸಿ ಮುರಿಯುವ ಬಗೆಯನ್ನು ಮುಚ್ಚಿಡುವ ಗ್ರಂಥವು ಅರ್ಧ ಗ್ರಂಥವೇ ಸರಿ. ಚಳ್ಳಕೆರೆಯ ವರ್ತಕನು ಶೇಂಗಾದ ಚೀಲಕ್ಕೆ ಬೆಲೆ ಕಟ್ಟುವ ಮುನ್ನ ನಾಲ್ಕು ಕಾಯಿಗಳನ್ನು ಒಡೆದು ಬೀಜವನ್ನು ನೋಡುವಂತೆ, ವಾಚಕನು ಪುಸ್ತಕವನ್ನು ನಡುವಿನಲ್ಲಿ ತೆರೆದು, ಯಾವುದಾದರೂ ಒಂದು ಪದ್ಧತಿಯು ಸೋತ ಕಥೆಯನ್ನು ಗ್ರಂಥಕರ್ತನು ಹೇಗೆ ಹೇಳಿದ್ದಾನೆಂದು ನೋಡಬೇಕು. ಸೋಲಿನ ಕಾರಣವು ಹೆಜ್ಜೆಹೆಜ್ಜೆಯಾಗಿ ತಿಳಿಯುವಂತಿದ್ದರೆ ಆ ಪುಸ್ತಕವನ್ನು ಕೊಳ್ಳಬಹುದು. ಎಲ್ಲವೂ ಅಭೇದ್ಯವೆಂಬ ಪ್ರಶಸ್ತಿಯೇ ತುಂಬಿದ್ದರೆ ಇದ್ದ ಜಾಗದಲ್ಲಿಯೇ ಇಟ್ಟುಬಿಡುವುದು ಲೇಸು. ಕೆರ್ಕ್‌ಹಾಫ್ಸ್ ಎಂಬ ವಿದ್ವಾಂಸನು 1883ರಷ್ಟು ಹಿಂದೆಯೇ, ಪದ್ಧತಿಯೆಲ್ಲ ಶತ್ರುವಿಗೆ ತಿಳಿದರೂ ಕೀಲಿಯೊಂದು ಗುಟ್ಟಾಗಿರುವವರೆಗೆ ಸಂದೇಶವು ಸುರಕ್ಷಿತವಾಗಿರಬೇಕೆಂಬ ತತ್ತ್ವವನ್ನು ಪ್ರತಿಪಾದಿಸಿದನು. ಈ ತತ್ತ್ವವನ್ನು ಅಲಕ್ಷಿಸಿ, ತನ್ನ ವಿಧಾನವು ರಹಸ್ಯವಾಗಿರುವುದರಿಂದಲೇ ಬಲವಾದುದೆಂದು ಹೊಗಳಿಕೊಳ್ಳುವ ಯಾವ ಬರೆಹವನ್ನೂ ನಂಬಲಾಗದು.

ಬ್ರೂಸ್ ಶ್ನೈಯರ್ ಬರೆದ ಎರಡು ಪುಸ್ತಕಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಓದುವುದು ಈ ವಿವೇಕಕ್ಕೆ ಒಳ್ಳೆಯ ಅಭ್ಯಾಸ. 1996ರಲ್ಲಿ ಎರಡನೆಯ ಆವೃತ್ತಿಯನ್ನು ಕಂಡ ‘ಅಪ್ಲೈಡ್ ಕ್ರಿಪ್ಟಾಗ್ರಫಿ’ಯು ಗಣಿತದ ಬಲದಿಂದ ಎಲ್ಲವನ್ನೂ ಕಾಯಬಹುದೆಂಬ ಉತ್ಸಾಹದಿಂದ ತುಂಬಿದೆ, 2000ದಲ್ಲಿ ಹೊರಬಂದ ‘ಸೀಕ್ರೆಟ್ಸ್ ಅಂಡ್ ಲೈಸ್’ನಲ್ಲಿ ಅದೇ ಲೇಖಕನು ತನ್ನ ಆ ನಂಬಿಕೆಯನ್ನು ತಾನೇ ತಿದ್ದಿಕೊಂಡು, ಗಣಿತವು ಗಟ್ಟಿಯಾಗಿದ್ದಾಗಲೂ ಅದನ್ನು ಬಳಸುವ ಯಂತ್ರವೂ ಮನುಷ್ಯನೂ ಹೇಗೆ ಸೋಲುತ್ತಾರೆಂಬುದನ್ನು ನಿರೂಪಿಸುತ್ತಾನೆ. ಬ್ಯಾಂಕಿನವನೆಂದು ಹೇಳಿಕೊಂಡು ಫೋನಿನಲ್ಲಿ ಓಟಿಪಿಯನ್ನು ಕೇಳುವ ವಂಚಕನು ಯಾವ ಗೂಢಲಿಪಿಯನ್ನೂ ಒಡೆಯುವುದಿಲ್ಲವೆಂಬುದನ್ನು ಬಲ್ಲ ನಮ್ಮವರಿಗೆ ಎರಡನೆಯ ಪುಸ್ತಕವೇ ಹೆಚ್ಚು ಹತ್ತಿರವೆನಿಸೀತು. ಇದೇ ದೃಷ್ಟಿಯನ್ನು ಇನ್ನೂ ವಿಸ್ತಾರವಾಗಿ, ಇನ್ನೂ ಗಂಭೀರವಾಗಿ ಬೆಳೆಸಿದವನು ರಾಸ್ ಆಂಡರ್ಸನ್. ಹಣದ ಯಂತ್ರ, ವಿದ್ಯುತ್ ಮೀಟರು, ಆಸ್ಪತ್ರೆಯ ದಾಖಲೆ ಇವೆಲ್ಲವನ್ನೂ ಒಂದೇ ಶಾಸ್ತ್ರದೊಳಗೆ ತಂದ ಅವನ ‘ಸೆಕ್ಯುರಿಟಿ ಎಂಜಿನಿಯರಿಂಗ್’ 2001ರಲ್ಲಿ ಮೊದಲು ಪ್ರಕಟವಾಗಿ 2020ರಲ್ಲಿ ಮೂರನೆಯ ಆವೃತ್ತಿಯನ್ನು ಕಂಡಿತು. ಒಂದೇ ಗ್ರಂಥವನ್ನು ಓದಲು ಅವಕಾಶವಿದ್ದರೆ ಇದನ್ನೇ ಓದಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ಗೂಢಲಿಪಿಯ ರಸವು ಕೇವಲ ಓದಿನಿಂದ ದಕ್ಕುವುದಿಲ್ಲ. ಕೈಯಿಂದ ಮಾಡಿ ನೋಡಬೇಕು. ಇದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ಅಪೂರ್ವವಾದ ನಿದರ್ಶನವುಂಟು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ, ಅದನ್ನು ಬರೆದ ಚಪಡನು ಕಡೆಯಲ್ಲಿ ತಾನು ಲಿಪಿಕಾರನೆಂಬ ಮಾತನ್ನು ಮಾತ್ರ, ವಾಯವ್ಯ ಭಾರತದಲ್ಲಿ ಬಳಕೆಯಲ್ಲಿದ್ದು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಇದು ಗುಟ್ಟಿಗಾಗಿ ಬರೆದುದಲ್ಲ. ಓದುವವರು ಇಲ್ಲವಾದುದರಿಂದ ಕಾಲಾಂತರದಲ್ಲಿ ಎರಡು ಲಿಪಿಗಳೂ ಗೂಢವಾದವು. ಬ್ರಾಹ್ಮಿಯ ಕೀಲಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಕಂಡುಕೊಂಡದ್ದು ಸಾಂಚಿಯ ಸಣ್ಣ ಸಣ್ಣ ಶಾಸನಗಳ ಕೊನೆಯಲ್ಲಿ ಅವೇ ಎರಡು ಅಕ್ಷರಗಳು ಮರಳಿ ಮರಳಿ ಬರುವುದನ್ನು ಗಮನಿಸಿ, ಅದು ದಾನವೆಂಬ ಶಬ್ದವಿರಬೇಕೆಂದು ಊಹಿಸಿದುದರಿಂದ. ಆವೃತ್ತಿಯನ್ನು ಎಣಿಸಿ ಅರ್ಥವನ್ನು ಊಹಿಸುವ ಈ ಮಾರ್ಗವು, ಒಂಬತ್ತನೆಯ ಶತಮಾನದ ಅರಬ್ಬೀ ಪಂಡಿತ ಅಲ್ ಕಿಂದಿಯು ಗೂಢಲಿಪಿಯನ್ನು ಒಡೆಯಲು ಬೋಧಿಸಿದ ಮಾರ್ಗಕ್ಕೆ ಸೋದರನಂತಿದೆ.

ಇಂಗ್ಲಿಷಿನ ಗ್ರಂಥಗಳು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳ ಆವೃತ್ತಿಯ ಕೋಷ್ಟಕವನ್ನೇ ಕೊಡುತ್ತವೆ. ಕನ್ನಡಿಗನು ಆ ಕೋಷ್ಟಕವನ್ನು ನೋಡಿ ಮುಂದೆ ಸಾಗದೆ, ಪತ್ರಿಕೆಯ ಒಂದು ಅಂಕಣವನ್ನು ಎದುರಿಗಿಟ್ಟುಕೊಂಡು ತಾನೇ ಎಣಿಸಲಿ. ಎಣಿಸತಕ್ಕದ್ದು ಯಾವುದನ್ನು, ಇಡಿಯ ಅಕ್ಷರವನ್ನೋ, ಕಾಗುಣಿತದ ಸ್ವರಚಿಹ್ನೆಯನ್ನು ಬೇರ್ಪಡಿಸಿಯೋ, ಒತ್ತಕ್ಷರಗಳ ಗತಿಯೇನು ಎಂಬ ಪ್ರಶ್ನೆಗಳು ಕೂಡಲೇ ಏಳುತ್ತವೆ. ಪದಗಳ ಕೊನೆಯಲ್ಲಿ ‘ನ್ನು’, ‘ಲ್ಲಿ’, ‘ದ’ ಎಂಬ ಪ್ರತ್ಯಯಗಳು ಗುಂಪುಗುಂಪಾಗಿ ಕಾಣಿಸಿಕೊಂಡು, ಅಕ್ಷರಕ್ಕೆ ಪ್ರತಿಯಾಗಿ ಇನ್ನೊಂದು ಅಕ್ಷರವನ್ನಿಟ್ಟು ಬರೆದ ಕನ್ನಡದ ಗೂಢಲಿಪಿಯು ತನ್ನ ವಿಭಕ್ತಿಗಳಿಂದಲೇ ಬಯಲಾಗುವುದೆಂಬುದು ಆಗ ಅನುಭವಕ್ಕೆ ಬರುತ್ತದೆ. ಈ ಸುಖವನ್ನು ಒಮ್ಮೆ ಕಂಡವನಿಗೆ ಡೇವಿಡ್ ಕಾನ್ ಬರೆದ ಗೂಢಲಿಪಿಯ ಇತಿಹಾಸವಾದ ‘ದ ಕೋಡ್‌ಬ್ರೇಕರ್ಸ್’ ಕಾದಂಬರಿಯಷ್ಟೇ ಹೃದ್ಯವಾಗುವುದರಲ್ಲಿ ಸಂದೇಹವಿಲ್ಲ.

ಕಾನ್‌ನ ಆ ಗ್ರಂಥವು ಪ್ರಕಟವಾದದ್ದು 1967ರಲ್ಲಿ. ಡಿಫಿ ಮತ್ತು ಹೆಲ್ಮನ್, ಎಲ್ಲರಿಗೂ ತಿಳಿಸಬಹುದಾದ ಒಂದು ಕೀಲಿಯಿಂದ ಗೂಢಗೊಳಿಸಿ ಗುಟ್ಟಾದ ಇನ್ನೊಂದರಿಂದ ಬಿಡಿಸುವ ಬಹಿರಂಗ ಕೀಲಿಯ ಕಲ್ಪನೆಯನ್ನು ಲೋಕದ ಮುಂದಿಟ್ಟದ್ದು 1976ರಲ್ಲಿ. ಹೀಗೆ ಆ ಕಲ್ಪನೆಗಿಂತ ಹಿಂದಿನದಾದರೂ ಕಾನ್‌ನ ಗ್ರಂಥವು ಹಳತಾಗಿಲ್ಲ, ಏಕೆಂದರೆ ಇತಿಹಾಸವು ಹಳತಾಗುವುದಿಲ್ಲ. ಯಾವ ಪದ್ಧತಿಯನ್ನು ಇಂದು ಬಳಸಬೇಕೆಂದು ವಿಧಿಸುವ ಪುಸ್ತಕಗಳ ಸ್ಥಿತಿ ಹೀಗಲ್ಲ. 1977ರಲ್ಲಿ ಅಮೆರಿಕದ ಸರ್ಕಾರವು ಮಾನಕವೆಂದು ಅಂಗೀಕರಿಸಿದ ಡಿಇಎಸ್ ಎಂಬ ಗೂಢಲಿಪಿ ಪದ್ಧತಿಯ ಕೀಲಿಯನ್ನು 1998ರಲ್ಲಿ ಒಂದು ಯಂತ್ರವು ಮೂರು ದಿನಗಳೊಳಗೆ ಹುಡುಕಿ ತೆಗೆಯಿತು. 2001ರಲ್ಲಿ ಎಇಎಸ್ ಅದರ ಉತ್ತರಾಧಿಕಾರಿಯಾಯಿತು. ಸಂದೇಶವು ಬದಲಾಗಿಲ್ಲವೆಂದು ಪರೀಕ್ಷಿಸಲು ಬಳಸುತ್ತಿದ್ದ ಎಂಡಿ5 ಎಂಬ ವಿಧಾನದ ದೌರ್ಬಲ್ಯವು 2004ರಲ್ಲಿ ಬಹಿರಂಗವಾಯಿತು. ಡಿಇಎಸ್ ಅನ್ನಾಗಲಿ ಎಂಡಿ5 ಅನ್ನಾಗಲಿ ಇಂದಿಗೂ ಯೋಗ್ಯವೆಂದು ಶಿಫಾರಸು ಮಾಡುವ ಪಠ್ಯವನ್ನು, ಅದು ಎಷ್ಟೇ ಅಗ್ಗವಾಗಿ ದೊರೆತರೂ, ಕೊಳ್ಳಲಾಗದು.

ಗೂಢಲಿಪಿಯ ಸಂದೇಶಗಳು ಸಾಗುವ ಜಾಲವ್ಯವಸ್ಥೆಯ ವಿಷಯದಲ್ಲಿ ಒಂದೇ ಹೆಸರು ಸಾಕು. ರಿಚರ್ಡ್ ಸ್ಟೀವನ್ಸ್ ಬರೆದ ‘ಟಿಸಿಪಿ/ಐಪಿ ಇಲಸ್ಟ್ರೇಟೆಡ್’ನ ಮೊದಲ ಸಂಪುಟವು, ನಿಯಮವನ್ನು ಹೇಳಿ ಸುಮ್ಮನಾಗದೆ, ತಂತಿಯ ಮೇಲೆ ನಿಜವಾಗಿ ಹರಿದ ಸಂದೇಶಗಳನ್ನು ಹಿಡಿದು ಸಾಲುಸಾಲಾಗಿ ತೋರಿಸುತ್ತದೆ, ಓದುಗನು ತನ್ನ ಕಂಪ್ಯೂಟರಿನಲ್ಲಿ ಅದನ್ನೇ ಮಾಡಿ ಸರಿಹೊಂದಿಸಿ ನೋಡಬಹುದು.

ಗಣಿತದ ಕಡೆಗೆ ಒಲವುಳ್ಳವರು, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಸಿ. ಇ. ವೇಣಿ ಮಾಧವನ್ ಅವರು ಅಭಿಜಿತ್ ದಾಸ್ ಅವರೊಡನೆ ಬರೆದ ಬಹಿರಂಗ ಕೀಲಿಯ ಗ್ರಂಥವನ್ನು ಹುಡುಕಬೇಕು. ಆದರೆ ಶೇಷಗಣಿತವೂ ಅವಿಭಾಜ್ಯ ಸಂಖ್ಯೆಗಳ ಪರಿಚಯವೂ ಮೊದಲೇ ಇರದಿದ್ದರೆ ಅದು ಕಠಿನವಾದೀತು. ಹಣದ ಅಡಚಣೆಯುಳ್ಳವರು ಹಿಂಜರಿಯಬೇಕಾಗಿಲ್ಲ. ಆಂಡರ್ಸನ್‌ನ ಹಿಂದಿನ ಆವೃತ್ತಿಗಳನ್ನೂ, ಮೆನೆಜೆಸ್ ಮತ್ತು ಸಂಗಡಿಗರು 1996ರಲ್ಲಿ ರಚಿಸಿದ ‘ಹ್ಯಾಂಡ್‌ಬುಕ್ ಆಫ್ ಅಪ್ಲೈಡ್ ಕ್ರಿಪ್ಟಾಗ್ರಫಿ’ಯ ಅಧ್ಯಾಯಗಳನ್ನೂ ಲೇಖಕರೇ ಅಂತರ್ಜಾಲದಲ್ಲಿ ಉಚಿತವಾಗಿ ಇರಿಸಿದ್ದಾರೆ. ನನ್ನಿವಾಳದಲ್ಲಿ ಕುಳಿತವನು ಮೊದಲು ಅವುಗಳಿಂದ ಒಂದೊಂದು ಅಧ್ಯಾಯವನ್ನು ಓದಿ, ಹಾಳೆ ಲೇಖನಿ ಹಿಡಿದು ಅಲ್ಲಿಯ ಉದಾಹರಣೆಗಳನ್ನು ಬಿಡಿಸಿ, ಆ ಬಳಿಕ ಯಾವ ಪುಸ್ತಕಕ್ಕೆ ಹಣ ತೆರಬೇಕೆಂಬುದನ್ನು ನಿರ್ಧರಿಸಬಹುದು.